ವೈರಣ್ಣ ಜೋಡಿಸಿದ ಕ್ಯಾಸೆಟ್ಟುಗಳು

ನಮ್ಮಣ್ಣನ ಬಾಯಿಂದ ಒಂದು ಮಾತು ಹೊರಡಿಸುವುದಕ್ಕಿಂತ ತುಕ್ಕು ಹಿಡಿದ ಮೊಳೆಯನ್ನು ಗೋಡೆಯಿಂದ ಕೀಳುವುದು ಸುಲಭ. ಇದು ನನ್ನ ಮಾತಲ್ಲ, ನಮ್ಮ ತಾಯಿ ಹೇಳುತ್ತಿದ್ದದ್ದು. ಚಿಕ್ಕಂದಿನಲ್ಲಿ ಬಿದ್ದು ಮಂಡಿ ಒಡೆದುಕೊಂಡು ಬಂದರೂ ಅವನು ಉಸಿರೆತ್ತುತ್ತಿರಲಿಲ್ಲ. ಚಡ್ಡಿಗೆ ರಕ್ತ ಅಂಟಿದ ಮೇಲೆ ನಾವೇ ನೋಡಿ ಕಂಡುಹಿಡಿಯಬೇಕಿತ್ತು. ಅಂಥವನು ದೊಡ್ಡವನಾಗಿ ಇಡೀ ಬೀದಿಗೆ ಮಾತು, ಹಾಡು, ಕತೆ ಹಂಚುವ ಕೆಲಸ ಹಿಡಿದ. ದೇವರಿಗೂ ಒಮ್ಮೊಮ್ಮೆ ತಮಾಷೆ ಮಾಡಬೇಕು ಅನ್ನಿಸುತ್ತದೆ, ಬೇರೇನಿಲ್ಲ.

ಅವನು ಕೇಬಲ್ ಟಿವಿಯವನು. ಮೊದಲು ಒಬ್ಬ ರೇಡಿಯೋ ರಿಪೇರಿಯವನ ಹತ್ತಿರ ಬೆಸುಗೆ ಹಾಕುವುದು ಕಲಿತ, ಆಮೇಲೆ ಟಿವಿ ಬಿಚ್ಚಿ ಜೋಡಿಸುವುದು ಕಲಿತ, ಕಡೆಗೆ ನಮ್ಮ ಕಟ್ಟಡದ ತಾರಸಿಯ ಮೇಲೆ ದೊಡ್ಡ ಡಿಶ್ ನಿಲ್ಲಿಸಿ ಅಲ್ಲಿಂದ ಮನೆಮನೆಗೆ ವೈರು ಎಳೆದ. ಬೀದಿಯ ತಲೆಯ ಮೇಲೆ ಕಪ್ಪು ವೈರುಗಳು ಜೋತುಬಿದ್ದವು, ಕಾಗೆಗಳಿಗೆ ಅನುಕೂಲವಾಯಿತು. ಜನ ಅವನನ್ನು ವೈರಣ್ಣ ಅಂದರು, ಅದೇ ನಿಂತಿತು. ಅವನಿಗೆ ಮನೆಗಳ ಗುರುತು ಇದ್ದದ್ದು ತಾರಸಿಯಿಂದ, ಬಾಗಿಲಿನಿಂದಲ್ಲ. ಯಾರಾದರೂ ಬಂದು ಡಾಕ್ಟರ ಮನೆ ಎಲ್ಲಿ ಎಂದು ಕೇಳಿದರೆ, "ಒಡೆದ ನೀರಿನ ಟ್ಯಾಂಕು, ಪಕ್ಕದಲ್ಲಿ ಮಡಚೋ ಮಂಚ" ಅನ್ನುತ್ತಿದ್ದ. ಕೇಳಿದವನು ಪಾಪ, ಬೀದಿಯಲ್ಲಿ ನಿಂತು ಮಂಚ ಹುಡುಕಬೇಕು.

ನಮ್ಮ ಕಟ್ಟಡದ ಕೆಳಗೆ ನನ್ನ ಹೊಲಿಗೆ ಅಂಗಡಿ. ಅದರ ಮೇಲೆ ಅಣ್ಣನ ಸಂಸಾರ. ಅದರ ಮೇಲೆ ತಾರಸಿಯಲ್ಲಿ, ತಗಡು ಹೊದಿಸಿದ ಒಂದು ಪುಟ್ಟ ಕೋಣೆ, ಅವನ ಕಂಟ್ರೋಲ್ ರೂಮು. ಅತ್ತಿಗೆ ಮಾತಿನ ಮಲ್ಲಿ. ಇಬ್ಬರ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು. ಅಂಗಡಿಗೆ ಬಂದವರು ಅಣ್ಣನನ್ನು ಏನಾದರೂ ಕೇಳಿದರೆ ಅವನು ತಲೆ ಕೆರೆದುಕೊಳ್ಳುವಷ್ಟರಲ್ಲಿ ಮೆಟ್ಟಿಲ ಮೇಲಿಂದ ಅವಳ ಉತ್ತರ ಇಳಿದು ಬಂದಿರುತ್ತಿತ್ತು. ಅವನು ತಾರಸಿಯಲ್ಲಿ ಆಂಟೆನಾ ತಿರುಗಿಸುತ್ತ "ಬಂತಾ?" ಎಂದು ಕೂಗುವುದು, ಅವಳು ಕೆಳಗಿನಿಂದ "ಬರ್ಲಿಲ್ಲ, ಇನ್ನೂ ಒಂಚೂರು ತಿರುಗಿಸಿ" ಅನ್ನುವುದು, ಅದೇ ಅವರಿಬ್ಬರ ಸಂಸಾರದ ಸಂಭಾಷಣೆ. ಇದ್ದಷ್ಟು ದಿನ ಚೆನ್ನಾಗಿಯೇ ನಡೆಯಿತು.

ಅತ್ತಿಗೆ ಒಂದು ಜ್ವರದಲ್ಲಿ ಹೋದಳು. ಆಸ್ಪತ್ರೆಗೆ ನಡೆದುಕೊಂಡೇ ಹೊರಟವಳು ನನ್ನ ಅಂಗಡಿಗೆ ತಲೆ ಹಾಕಿ, "ಆ ಹಸಿರು ಬಟ್ಟೆ ಕತ್ತರಿಸ್ಬೇಡ, ಬಂದ್ಮೇಲೆ ಅಳತೆ ಕೊಡ್ತೀನಿ" ಅಂದಿದ್ದಳು. ಬರಲಿಲ್ಲ. ಮಗಳು ಚಿಣ್ಣಿಗೆ ಆಗಿನ್ನೂ ಹಾಲುಹಲ್ಲು ಬೀಳುತ್ತಿದ್ದ ವಯಸ್ಸು.

ಅಣ್ಣ ಅಳಲಿಲ್ಲ. ಹೆಂಡತಿಯ ಫೋಟೋ ತೆಗೆದು ಬೀರುವಿನೊಳಗೆ ಇಟ್ಟ. ಅವಳ ಸುದ್ದಿ ಯಾರಾದರೂ ಎತ್ತಿದರೆ ಎದ್ದು ತಾರಸಿಗೆ ಹೋಗಿಬಿಡುತ್ತಿದ್ದ, ಯಾವುದೋ ಜಾಯಿಂಟು ಸಡಿಲವಾಗಿದೆ ಅನ್ನುವವನ ಹಾಗೆ. ಮಗು "ಅಮ್ಮ ಯಾವಾಗ ಬರ್ತಾಳೆ" ಅಂದರೆ "ಊಟ ಮಾಡು" ಅನ್ನುತ್ತಿದ್ದ. ನನಗೆ ಮೈ ಉರಿಯುತ್ತಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಆ ಬಂಗಾರವನ್ನು ತಾಯಿಯಿಲ್ಲದ ಮಗುವಿನ ಮುಂದೆ ಇಟ್ಟು ನೋಡಲಿ ಒಂದು ಸಲ. ಅವನಿಗೆ ಹೇಳಿದೆ, ಬೈದೆ, ಅತ್ತೆ. ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು.

ಚಿಣ್ಣಿಗೆ ನಾನೇ ಅವಳ ಅಮ್ಮನ ಕತೆಗಳನ್ನು ಹೇಳುತ್ತಿದ್ದೆ. ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ಮಾತ್ರ ನನ್ನ ಬಾಯಿಗೆ ಕೈ ಅಡ್ಡ ಇಟ್ಟು, "ನೀನು ಹೇಳೋದು ಸಾಕು ಅತ್ತೆ. ಅಪ್ಪ ಹೇಳ್ಬೇಕು" ಅಂದಳು. ಆ ಹುಡುಗಿಗೆ ಬೇಕಾಗಿದ್ದದ್ದು ಅದೊಂದೇ. ಆಮೇಲೆ ದೊಡ್ಡವಳಾಗಿ ಏನೇನು ಓದಿದಳೋ, ಏನೇನು ಗಳಿಸಿದಳೋ, ಬೇಕಾಗಿದ್ದದ್ದು ಮಾತ್ರ ಅದೊಂದೇ: ಅಮ್ಮನ ಬಗ್ಗೆ ಅಪ್ಪನ ಬಾಯಿಂದ ಒಂದು ಮಾತು.

ಆ ವರ್ಷವೇ ಜಪಾನಿ ಕ್ಯಾಸೆಟ್ಟುಗಳು ಬಂದದ್ದು. ಕೇಬಲ್ಲಿನಲ್ಲಿ ಅಣ್ಣನದೇ ಒಂದು ಚಾನೆಲ್ಲು ಇತ್ತು. ಸಂಜೆ ಹೊತ್ತು ಕೈಗೆ ಸಿಕ್ಕ ಕ್ಯಾಸೆಟ್ಟು ಹಾಕಿ ಓಡಿಸುತ್ತಿದ್ದ. ಗುಜರಿ ಅಂಗಡಿಯಲ್ಲಿ ಒಂದು ರಟ್ಟಿನ ಡಬ್ಬದ ತುಂಬ ಜಪಾನಿ ಕಾರ್ಟೂನು ಸರಣಿಯ ಕ್ಯಾಸೆಟ್ಟುಗಳು ಸಿಕ್ಕವು. ಆ ದೇಶದ ಕ್ಯಾಸೆಟ್ಟು ನಮ್ಮ ಪ್ಲೇಯರಿನಲ್ಲಿ ಹಾಕಿದರೆ ಚಿತ್ರವೆಲ್ಲ ಕಪ್ಪುಬಿಳುಪು. ಬಣ್ಣ ತರಿಸಲು ಅವನು ಮೇಲೆ ಕೂತು ಏನೇನೋ ಬಿಚ್ಚಿ, ಕಟ್ಟಿ, ಒದ್ದಾಡಿ, ಕಡೆಗೂ ತರಿಸಿದ. ಆಮೇಲೆ ಇನ್ನೊಂದು ತೊಡಕು. ಡಬ್ಬಿಗಳ ಮೇಲೆ ಒಂದಂಕಿಯೂ ಇಲ್ಲ. ಬರೆದದ್ದೆಲ್ಲ ಅವರ ಲಿಪಿಯಲ್ಲಿ. ಯಾವುದು ಮೊದಲು, ಯಾವುದು ಕೊನೆ?

ಕ್ಯಾಸೆಟ್ಟುಗಳನ್ನು ನನ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿದ. ಸೀಮೆಸುಣ್ಣ, ಕತ್ತರಿ ಎಲ್ಲ ಪಕ್ಕಕ್ಕೆ ತಳ್ಳಿದ. ಪ್ರತಿ ಡಬ್ಬಿಯ ಮೇಲೂ ಅದೇ ಹುಡುಗಿಯ ಚಿತ್ರ, ಕೂದಲು ಮಾತ್ರ ಬೇರೆಬೇರೆ. ಒಂದರಲ್ಲಿ ಮೊಣಕಾಲಿನವರೆಗೆ, ಒಂದರಲ್ಲಿ ಸೊಂಟದವರೆಗೆ, ಒಂದರಲ್ಲಿ ಭುಜದವರೆಗೆ, ಒಂದರಲ್ಲಿ ಹುಡುಗರ ಹಾಗೆ ಮೋಟು. ಅಣ್ಣ ಬಹಳ ಹೊತ್ತು ನೋಡಿ, ಮೋಟು ಕೂದಲಿನದನ್ನು ಎಡಗಡೆ ಇಟ್ಟ, ಉದ್ದ ಕೂದಲಿನದನ್ನು ಬಲಗಡೆ ಇಟ್ಟ.

"ಕೂದ್ಲು ಬೆಳೆಯುತ್ತೆ ತಾನೇ" ಅಂದ.

ನನಗೂ ಸರಿ ಅನ್ನಿಸಿತು. ಹೊಲಿಗೆಯವಳ ಬುದ್ಧಿ, ಚಿಕ್ಕ ಅಳತೆ ಮೊದಲು, ದೊಡ್ಡದು ಆಮೇಲೆ. ಆ ಸಾಲಿನಲ್ಲೇ ಕತೆ ನಮ್ಮ ಬೀದಿಗೆ ಇಳಿಯಿತು.

ಕತೆ ಶುರುವಾಗುವುದು ಒಂದು ರೈಲು ನಿಲ್ದಾಣದಲ್ಲಿ. ಮೋಟು ಕೂದಲಿನ ಹುಡುಗಿ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಾಳೆ. ರೈಲು ಬರುತ್ತದೆ, ಬಾಗಿಲು ತೆರೆಯುತ್ತದೆ, ಯಾರೂ ಇಳಿಯುವುದಿಲ್ಲ. ಮುಂದಿನ ಕಂತುಗಳಲ್ಲಿ ಅವಳು ಊರೂರು ಅಲೆಯುತ್ತಾಳೆ. ಹೋದ ಕಡೆಯಲ್ಲೆಲ್ಲ ದೋಣಿ ಕಟ್ಟುವ ಕಂಬ ಹುಡುಕಿ, ತನ್ನ ಕೂದಲನ್ನು ಒಂದು ಗೇಣು ಕತ್ತರಿಸಿ ಆ ಕಂಬಕ್ಕೆ ಕಟ್ಟುತ್ತಾಳೆ. ಮಾತು ಒಂದಕ್ಷರ ನಮಗೆ ತಿಳಿಯದು, ಅಡಿಯಲ್ಲಿ ಬರಹವೂ ಇಲ್ಲ. ಚಿತ್ರ ನೋಡಿ ನಾವೇ ಅರ್ಥ ಮಾಡಿಕೊಳ್ಳಬೇಕು. ಮಾಡಿಕೊಂಡೆವು ನೋಡಿ, ಒಬ್ಬೊಬ್ಬರೂ ಒಂದೊಂದು ಥರ.

ನನ್ನ ಅಂಗಡಿಯೇ ಸಭೆ. ಎದುರು ಸಾಲಿನ ಕ್ಷೌರದಂಗಡಿಯವನು ಒಂದು ಪಕ್ಷ, ನಿವೃತ್ತಿಯಾದ ಮೇಷ್ಟ್ರು ಇನ್ನೊಂದು ಪಕ್ಷ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಹುಡುಗಿ ಕೂದಲು ಕತ್ತರಿಸುತ್ತಾಳೆ, ಆದರೆ ಮುಂದಿನ ವಾರ ನೋಡಿದರೆ ಅದು ಇನ್ನೂ ಉದ್ದ. ಕ್ಷೌರದವನಿಗೆ ಹಿಡಿಸಲಾರದಷ್ಟು ಖುಷಿ.

"ಕತ್ತರಿಸಿದಷ್ಟೂ ಬೆಳೆಯುತ್ತೆ. ಇದನ್ನೇ ನಾನು ಈ ಬೀದಿಗೆ ಹೇಳ್ತಾ ಬಂದಿರೋದು. ನನ್ನ ಮಾತು ಯಾರೂ ನಂಬಲಿಲ್ಲ, ಜಪಾನಿನವರು ನಂಬಿದ್ರು."

"ಅದು ಕೂದಲಲ್ಲಪ್ಪ, ದುಃಖ" ಅನ್ನುತ್ತಿದ್ದರು ಮೇಷ್ಟ್ರು. "ದುಃಖಾನ ಕತ್ತರಿಸಿ ಕತ್ತರಿಸಿ ಇಟ್ಟು ಹೋಗ್ತಾಳೆ. ಹಗುರಾಗ್ತಾಳೆ. ಅದನ್ನ ಸಂಕೇತ ಅಂತಾರೆ."

"ದುಃಖ ಆದ್ರೆ ಉದ್ದ ಯಾಕೆ ಆಗ್ತಾ ಹೋಗುತ್ತೆ ಮೇಷ್ಟ್ರೇ?"

ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಆ ಕಾರ್ಟೂನಿನಲ್ಲಿ ಇನ್ನೊಂದು ವಿಚಿತ್ರವಿತ್ತು. ಇದ್ದಕ್ಕಿದ್ದಂತೆ ಎಲ್ಲ ನಿಂತುಬಿಡುವುದು. ಒಂದು ಕೆರೆಯ ನೀರು, ಇಲ್ಲವೇ ಒಲೆಯ ಮೇಲಿನ ಕೆಟಲು, ಇಲ್ಲವೇ ಬರೀ ಆಕಾಶ. ಯಾರೂ ಮಾತಾಡುವುದಿಲ್ಲ, ಏನೂ ಅಲ್ಲಾಡುವುದಿಲ್ಲ. ಮೊದಮೊದಲು ಜನ ಕೇಬಲ್ಲು ಕೆಟ್ಟಿತು ಎಂದು ಅಣ್ಣನಿಗೆ ಫೋನು ಮಾಡುತ್ತಿದ್ದರು. ಅವನು ಓಡಿಹೋಗಿ ಜಾಯಿಂಟು ಹಿಂಡಿ ನೋಡುವಷ್ಟರಲ್ಲಿ ಕೆಟಲಿನಿಂದ ಹಬೆ ಏಳುತ್ತಿತ್ತು. ಬೀದಿಯಲ್ಲಿ ಅದನ್ನು ಬೈಯದವರಿಲ್ಲ, ಅಣ್ಣನೊಬ್ಬನನ್ನು ಬಿಟ್ಟು. ಆ ನಿಂತ ಚಿತ್ರಗಳನ್ನು ಅವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ತನ್ನ ಜಾತಿಯ ಕತೆ ಸಿಕ್ಕಿತು ಅಂದುಕೊಂಡಿರಬೇಕು.

ಮೂರನೆಯ ಕ್ಯಾಸೆಟ್ಟಿಗೆ ದೊಡ್ಡ ಗಲಾಟೆ. ಎರಡನೆಯದರಲ್ಲಿ ಹುಡುಗಿಯ ಜೊತೆಗಿದ್ದ ನಾಯಿ ಸತ್ತು, ಅವಳೇ ಮಣ್ಣು ಮಾಡಿ, ನಾವೆಲ್ಲ ಕಣ್ಣೊರೆಸಿಕೊಂಡಿದ್ದೆವು. ಈಗ ಅದೇ ನಾಯಿ ಬಾಲ ಅಲ್ಲಾಡಿಸಿಕೊಂಡು ಬಂತು. ಬೇರೆ ನಾಯಿ, ಬಣ್ಣ ಮಾತ್ರ ಅದೇ, ಅಂದ ಕ್ಷೌರದವನು. ಅದು ನೆನಪಿನ ನಾಯಿ, ಅಂದರು ಮೇಷ್ಟ್ರು. ಕತೆ ಬರೆದವನಿಗೆ ಮರೆವು, ಅಂದೆ ನಾನು. ಒಬ್ಬರಿಗಾದರೂ ನಿಜ ಹೊಳೆಯಬೇಡವೇ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಚಿಣ್ಣಿ ಮಾತ್ರ ವಾದಕ್ಕೆ ಬರುತ್ತಿರಲಿಲ್ಲ. ಸಂಜೆಯಾದರೆ ಕಂಟ್ರೋಲ್ ರೂಮಿಗೆ ಹೋಗಿ ಅಪ್ಪನ ಪಕ್ಕದ ಸ್ಟೂಲಿನ ಮೇಲೆ ಕೂತುಬಿಡುವಳು. ಹುಡುಗಿ ಯಾರನ್ನೋ ಹುಡುಕುತ್ತಿದ್ದಾಳೆ ಎಂಬುದು ಬೀದಿಗೆ ತಿಳಿಯುವ ಮೊದಲೇ ಅವಳಿಗೆ ತಿಳಿದಿತ್ತು. ಕೊನೆಯ ಕ್ಯಾಸೆಟ್ಟಿನ ದಿನ ನಾನೂ ಮೇಲೆ ಹೋಗಿ ಕೂತೆ. ಹುಡುಗಿಗೆ ಮೊಣಕಾಲು ಮುಟ್ಟುವ ಕೂದಲು. ಮಂಜಿನೊಳಗಿಂದ ಒಂದು ದೋಣಿ ಬಂತು, ಹುಟ್ಟು ಹಾಕುತ್ತಿದ್ದವಳು ಅವಳ ಅಮ್ಮ. ಹುಡುಗಿ ನೀರಿಗೇ ಇಳಿದು ಓಡಿದಳು. ಆಮೇಲೆ ಕೆಲವು ಕಂತುಗಳ ತುಂಬ ಅವರಿಬ್ಬರ ಮನೆ, ಒಲೆ, ಜಗಳ, ನಗು. ಕಡೆಗೆ ಅಮ್ಮ ಮಗಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುವ ದೃಶ್ಯ. ಅಷ್ಟಕ್ಕೆ ಪರದೆ ನೀಲಿಯಾಯಿತು. ಮುಗಿಯಿತು ಅಂದುಕೊಂಡೆವು. ಬೀದಿಯ ಕಿಟಕಿಗಳಿಂದ ಮೂಗೊರೆಸುವ ಸದ್ದು ತಾರಸಿಯವರೆಗೂ ಕೇಳುತ್ತಿತ್ತು.

ಚಿಣ್ಣಿ "ಬಂದ್ಲು" ಅಂದಳು. ಅಷ್ಟೇ. ಅಂದು ಅಪ್ಪನ ಮುಖ ನೋಡಿದಳು. ಅವನು ನಮಗೆ ಬೆನ್ನು ಹಾಕಿ ಯಾವುದೋ ವೈರು ಸುತ್ತುತ್ತಿದ್ದ. ನಾನು ಮಗುವನ್ನು ಎತ್ತಿಕೊಂಡು ಕೆಳಗೆ ಬಂದೆ.

ಕಾಲ ಯಾರಿಗೂ ನಿಲ್ಲುವುದಿಲ್ಲ. ಮನೆಮನೆಯ ತಾರಸಿಗೂ ಪುಟ್ಟ ಡಿಶ್ಶುಗಳು ಬಂದವು, ಆಮೇಲೆ ಎಲ್ಲ ಕತೆಗಳೂ ಕೈಯೊಳಗಿನ ಫೋನಿಗೆ ಬಂದವು. ಅಣ್ಣನ ವೈರುಗಳನ್ನು ಅಣ್ಣನೇ ಬಿಚ್ಚಿ ಸುತ್ತಿಟ್ಟ. ಈಗ ಅಂಗಡಿಗಳಿಗೆ ಕ್ಯಾಮೆರಾ ಕೂರಿಸುವ ಕೆಲಸ ಮಾಡುತ್ತಾನೆ. ಅಲ್ಲೂ ಮಾತು ಬೇಕಾಗಿಲ್ಲ, ಅದೇ ಅನುಕೂಲ.

ಚಿಣ್ಣಿ ದೊಡ್ಡವಳಾದಳು. ಪುಸ್ತಕಗಳಿಗೆ ಮುಖಪುಟ ಮಾಡುವ ಕೆಲಸ. ಆದರೆ ಅವಳ ಜೀವ ಇರುವುದು ಜಪಾನಿ ಸರಣಿಗಳಲ್ಲಿ, ಅವಳ ಬಾಯಲ್ಲಿ ಅವು ಅನಿಮೆ. ನೋಡುವುದಷ್ಟೇ ಅಲ್ಲ, ಅವುಗಳ ಬಗ್ಗೆ ಇಂಟರ್ನೆಟ್ಟಿನಲ್ಲಿ ಬರೆಯುತ್ತಾಳೆ. ಭಾನುವಾರ ಲೈಬ್ರರಿಯ ಮಹಡಿಯಲ್ಲಿ ಅವಳ ಹಾಗೆಯೇ ತಲೆ ಕೆಡಿಸಿಕೊಂಡವರ ಗುಂಪೊಂದು ಸೇರುತ್ತದೆ. ಕತೆ ಎಲ್ಲಿ ಬಿಗಿಯಾಗಿದೆ, ಎಲ್ಲಿ ಎಳೆದಿದ್ದಾರೆ, ಆಕಾಶ ಕೆಂಪಾದರೆ ಏನರ್ಥ, ಖಾಲಿ ಕುರ್ಚಿ ತೋರಿಸಿದರೆ ಏನರ್ಥ, ಇದೇ ಮಾತು. ನಾನು ಒಂದು ಸಲ ಹೋಗಿ ಕೂತಿದ್ದೆ. ನನ್ನ ಅಂಗಡಿಯ ಸಭೆಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ, ಕುರ್ಚಿ ಮಾತ್ರ ಚೆನ್ನಾಗಿತ್ತು.

ಒಂದು ಮಧ್ಯಾಹ್ನ ಅವಳು ಲ್ಯಾಪ್‌ಟಾಪು ಹಿಡಿದುಕೊಂಡು ಅಂಗಡಿಗೆ ನುಗ್ಗಿದಳು. ಮುಖ ಹೊಳೆಯುತ್ತಿತ್ತು.

"ಅತ್ತೆ, ಆ ದೋಣಿ ಹುಡುಗಿ ಸರಣಿ ಸಿಕ್ತು. ಅಡಿಬರಹದ ಜೊತೆ, ಪೂರ್ತಿ."

"ಒಳ್ಳೇದಾಯ್ತು. ಆ ನಾಯಿ ಹೇಗೆ ಬದುಕ್ತು ಅಂತ ಹೇಳು ಮೊದ್ಲು."

"ನಾಯಿ ಬದುಕೋದೇ ಇಲ್ಲ ಅತ್ತೆ. ನಾವು ನೋಡಿದ್ದು ತಿರುವುಮುರುವು. ಅವಳಮ್ಮ ಇರೋದು ಮೊದಲನೇ ಕ್ಯಾಸೆಟ್ಟಲ್ಲಿ."

ಕೂತು ತೋರಿಸಿದಳು. ನಿಜವಾದ ಕತೆಯಲ್ಲಿ ಕೂದಲು ಬೆಳೆಯುವುದಿಲ್ಲ, ಕರಗುತ್ತದೆ. ಮೊದಲು ಅಮ್ಮ, ಮನೆ, ಉದ್ದ ಕೂದಲು. ಆಮೇಲೆ ಅಮ್ಮನ ದೋಣಿ ಖಾಲಿಯಾಗಿ ದಡಕ್ಕೆ ಬರುತ್ತದೆ. ಹುಡುಗಿ ಹುಡುಕಿಕೊಂಡು ಹೊರಡುತ್ತಾಳೆ, ನಾನು ಇಲ್ಲಿಗೆ ಬಂದಿದ್ದೆ ಎಂಬ ಗುರುತಿಗೆ ಕಂಬಕಂಬಕ್ಕೂ ಒಂದು ಗೇಣು ಕೂದಲು ಕಟ್ಟುತ್ತಾಳೆ. ನಾಯಿ ಸಾಯುತ್ತದೆ. ಕೊನೆಗೆ ಮೋಟು ತಲೆ, ರೈಲು ನಿಲ್ದಾಣ, ಯಾರೂ ಇಳಿಯುವುದಿಲ್ಲ. ಅಷ್ಟೇ ಕತೆ. ನಾನು ಸೂಜಿ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ, ದಾರ ಪೋಣಿಸಲು ಕೈ ಬರಲಿಲ್ಲ.

"ಅಪ್ಪ ಬೇಕಂತಲೇ ತಿರುಗಿಸಿದ್ದಾರೆ ಅತ್ತೆ. ನನಗೋಸ್ಕರ. ಅಮ್ಮ ಬರಲಿ ಅಂತ."

ಅವನು ಜೋಡಿಸಿದ್ದು ನನ್ನ ಮೇಜಿನ ಮೇಲೆ, ನನ್ನ ಕಣ್ಣೆದುರು. ಇವಳು ನೋಡಿದರೆ ಅದರ ಮೇಲೆ ಅರಮನೆಯನ್ನೇ ಕಟ್ಟಿದ್ದಾಳೆ.

"ಸುಮ್ನೆ ಊಹೆ ಮಾಡ್ಬೇಡ ಕಣೇ. ನಿಮ್ಮಪ್ಪನ್ನೇ ಕೇಳು" ಅಂದೆ.

"ಊಹೆ ಅಲ್ಲ. ಇದು ನೋಡು." ಆ ಮೊದಲ ಕ್ಯಾಸೆಟ್ಟಿನ ಕಡೆಯ ಭಾಗ ಹಾಕಿದಳು. ತಲೆ ಬಾಚುವುದು ಮುಗಿಯುತ್ತದೆ. ಅಮ್ಮ ಏಳುತ್ತಾಳೆ, ಹುಟ್ಟು ತೆಗೆದುಕೊಳ್ಳುತ್ತಾಳೆ, ದೋಣಿ ಹತ್ತುತ್ತಾಳೆ, ಮಂಜಿನೊಳಗೆ ಹೋಗುತ್ತ ಹೋಗುತ್ತ ಕೈ ಬೀಸುತ್ತಾಳೆ. "ಇದನ್ನ ನಾವು ನೋಡೇ ಇಲ್ಲ. ಯಾರೋ ಟೇಪು ನಿಲ್ಲಿಸಿದ್ದಾರೆ. ಯಾರು ನಿಲ್ಲಿಸಿರ್ತಾರೆ ಹೇಳು?"

ಪರದೆ ನೀಲಿಯಾದದ್ದು ನನಗೂ ನೆನಪಿತ್ತು. ಟೇಪೇ ಅಷ್ಟಕ್ಕೆ ಕೆಟ್ಟಿತ್ತೋ ಏನೋ, ಅವನನ್ನು ಕೇಳಿದವರಾರು? ಅವಳೂ ಕೇಳಲಿಲ್ಲ. ಕೇಳಿ, ಅವನು ಎದ್ದು ತಾರಸಿಗೆ ಹೋಗಿಬಿಟ್ಟರೆ ಎಂಬ ಭಯ. ಅದರ ಬದಲು ಬರೆದಳು. 'ನನ್ನಪ್ಪ ಹೇಳಿದ ಕತೆ' ಎಂದು ಶುರುಮಾಡಿ, ಕಂಬಕ್ಕೆ ಕಟ್ಟಿದ ಕೂದಲು ಮೂಲದಲ್ಲಿ ವಿದಾಯವಾದರೆ ಅಪ್ಪನ ಜೋಡಣೆಯಲ್ಲಿ ಅಮ್ಮನಿಗೆ ಬಿಟ್ಟ ದಾರಿಗುರುತು, ಅದನ್ನೇ ಹಿಡಿದುಕೊಂಡು ಅಮ್ಮ ಮನೆಗೆ ಬರುತ್ತಾಳೆ ಎಂದೆಲ್ಲ ಬರೆದಳು. ಓದಿ ನನಗೆ ಕಣ್ಣೀರು ಬಂತು, ಸಂಕಟವೂ ಆಯಿತು. ಬಾಯಿ ಬಿಟ್ಟರೆ ಬಣ್ಣಗೇಡು, ಬಿಡದಿದ್ದರೆ ಹೊಟ್ಟೆನೋವು.

ಬರಹ ಎಲ್ಲೆಲ್ಲಿಗೋ ಹೋಯಿತು. ಹೊಗಳಿದವರಷ್ಟೇ ತೆಗಳಿದವರು. ಅವರ ಗುಂಪಿನಲ್ಲಿಯೇ ಒಬ್ಬ ಗಡ್ಡದವನಿದ್ದ, ಅವನು ತೀಕ್ಷ್ಣವಾಗಿ ಬರೆದ: ಆ ಸರಣಿಯ ಶಕ್ತಿಯೇ ಅಮ್ಮ ಬರದಿರುವುದರಲ್ಲಿದೆ, ಅದನ್ನು ತಿರುಗಿಸಿ ಸಿಹಿ ಮಾಡುವುದು ಕತೆಗೆ ಬಗೆದ ದ್ರೋಹ. ಕಡೆಗೆ ಗುಂಪಿನವರು ಒಂದು ಭಾನುವಾರ ಅಣ್ಣನನ್ನೇ ಕರೆಯೋಣ ಅಂದರು. ಚಿಣ್ಣಿ ಬಂದು ಕರೆದಳು. ಅವನು ಆಗಲಿ ಅಂದ. ನನಗೆ ನಂಬಲಾಗಲಿಲ್ಲ.

ಅವತ್ತು ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ, ಜೇಬಿನಲ್ಲಿ ಮಾತ್ರ ಟೆಸ್ಟರು ಹಾಗೇ ಇತ್ತು. ಮಹಡಿಯ ಕೋಣೆ ತುಂಬಿತ್ತು. ಚಿಣ್ಣಿ ಮುಂದಿನ ಸಾಲಿನಲ್ಲಿ ಕೂತು ಕೈಬೆರಳು ಹಿಸುಕಿಕೊಳ್ಳುತ್ತಿದ್ದಳು. ಮೊದಲು ಎರಡೂ ಜೋಡಣೆಯ ತುಣುಕು ತೋರಿಸಿದರು. ಆಮೇಲೆ ವಾದ. ಕನ್ನಡಕದ ಹುಡುಗಿಯೊಬ್ಬಳು ಎದ್ದು, "ಸಂಕೇತ ಅಂದ್ರೆ ಬರೆದವನ ಜೇಬಲ್ಲಿರೋ ಬೀಗದ ಕೈ ಅಲ್ಲ, ನೋಡಿದ ಬೀದಿಗೂ ಅದರಲ್ಲಿ ಪಾಲಿದೆ" ಅಂದಳು. ಗಡ್ಡದವನು, "ಹಾಗಾದ್ರೆ ಯಾವ ಕತೆಯೂ ಸಾವನ್ನ ಹೇಳೋಕಾಗಲ್ಲ. ಯಾರು ಬೇಕಾದ್ರೂ ಹಿಂದುಮುಂದು ಮಾಡಿ ಬದುಕಿಸಬಹುದು" ಅಂದ. ಅವನ ಮಾತೂ ಸುಳ್ಳಲ್ಲ ಅನ್ನಿಸಿ ನನಗೆ ಅವನ ಮೇಲೆ ಇನ್ನಷ್ಟು ಕೋಪ ಬಂತು. ಆಮೇಲೆ ಮೈಕು ಅಣ್ಣನ ಕೈಗೆ ಬಂತು.

"ಸರ್, ಈ ಜೋಡಣೆ ಹಿಂದೆ ನಿಮ್ಮ ಯೋಚನೆ ಏನಿತ್ತು?" ಗಡ್ಡದವನೇ ಕೇಳಿದ.

ಅಣ್ಣ ಮೈಕನ್ನು ತಿರುಗಿಸಿ ಅದರ ವೈರು ನೋಡಿದ. ಆಮೇಲೆ, "ಕೂದ್ಲು ನೋಡಿ ಜೋಡಿಸ್ದೆ" ಅಂದ.

"ಅಂದ್ರೆ?"

"ಕೂದ್ಲು ಬೆಳೆಯುತ್ತೆ ಅಂತ. ಚಿಕ್ಕದು ಮೊದ್ಲು ಇಟ್ಟೆ. ಅವರ ಅಕ್ಷರ ಬರ್ತಿರ್ಲಿಲ್ಲ."

ಕೋಣೆಯೆಲ್ಲ ನಕ್ಕಿತು. ಕೆಟ್ಟ ನಗುವಲ್ಲ, ಆದರೂ ನಗು. ಚಿಣ್ಣಿಯ ಮುಖದಲ್ಲಿ ರಕ್ತವಿರಲಿಲ್ಲ.

"ಹಾಗಾದ್ರೆ ಇದು ತಪ್ಪಿನಿಂದ ಆದದ್ದು."

"ಹೌದು. ತಪ್ಪು."

"ಕಡೇ ಭಾಗ? ಅಮ್ಮ ಹೊರಡೋದು ಯಾಕೆ ತೋರಿಸ್ಲಿಲ್ಲ?"

ಅಣ್ಣ ಬಾಗಿಲ ಕಡೆ ನೋಡಿದ. ಎಲ್ಲರೂ ಕಾಯುತ್ತಿದ್ದರು. ಇನ್ನೊಂದು ಸಲ ಬಾಗಿಲ ಕಡೆ ನೋಡಿದ, ಮೈಕನ್ನು ಮೆತ್ತಗೆ ಮೇಜಿನ ಮೇಲಿಟ್ಟು ಕೂತುಬಿಟ್ಟ. ಎದ್ದು ಓಡಿಹೋಗಲು ದಾರಿ ನೋಡುತ್ತಿದ್ದಾನೆ, ಮುಠ್ಠಾಳ, ಅಂದುಕೊಂಡೆ ನಾನು. ವಯಸ್ಸಾದವರು, ನೆನಪಿರಲಿಕ್ಕಿಲ್ಲ ಎಂದು ಯಾರೋ ಸಮಾಧಾನ ಹೇಳಿ, ವಂದನೆ ಹೇಳಿ, ಸಭೆ ಮುಗಿಸಿದರು.

ಬಸ್ ನಿಲ್ದಾಣದವರೆಗೆ ಮೂವರೂ ನಡೆದೆವು. ಚಿಣ್ಣಿ ಮುಂದೆ, ನಾವಿಬ್ಬರು ಹಿಂದೆ. ಮುಚ್ಚಿದ ಅಂಗಡಿಗಳ ಸಾಲಿನ ಮುಂದೆ ಅವಳು ತಟ್ಟನೆ ತಿರುಗಿ ನಿಂತಳು.

"ಬೇಕಂತಲೇ ಮಾಡ್ದೆ ಅಂತ ಒಂದು ಮಾತು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಅಪ್ಪ?"

ಅಣ್ಣ ಜೇಬಿನ ಟೆಸ್ಟರು ಮುಟ್ಟಿ ನೋಡಿಕೊಂಡ.

"ನಿಮಗೆ ಗೊತ್ತಾ, ಅಮ್ಮನ ಬಗ್ಗೆ ನೀವು ಇವತ್ತಿನವರೆಗೂ ಒಂದೇ ಒಂದು ಮಾತು ಆಡಿಲ್ಲ ನನ್ನ ಹತ್ರ. ಒಂದೂ ಇಲ್ಲ. ಈ ಕ್ಯಾಸೆಟ್ಟೇ ಆ ಮಾತು ಅಂದ್ಕೊಂಡಿದ್ದೆ. ಬಾಯಲ್ಲಿ ಹೇಳೋಕಾಗದೆ ಹೀಗೆ ಹೇಳಿದ್ರಲ್ಲ, ಸಾಕು ಅಂದ್ಕೊಂಡಿದ್ದೆ. ಅದೂ ಇಲ್ಲ ಅಂದ್ಬಿಟ್ರಿ ಇವತ್ತು, ಎಲ್ಲರೆದುರು."

ಅವಳು ಅಳುತ್ತಿದ್ದಳು. ನಾನು ಅವಳ ಹತ್ತಿರ ಹೋಗಬೇಕು ಅನ್ನುವಷ್ಟರಲ್ಲಿ ಅಣ್ಣ ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತ. ಕೆಲಸದ ಮಧ್ಯೆ ಸುಸ್ತಾದಾಗ ಕೂರುವ ಹಾಗೆ.

"ನಾಯಿ ಬಂತಲ್ಲ" ಅಂದ. "ಆವತ್ತೇ ಗೊತ್ತಾಯ್ತು, ಜೋಡಿಸಿದ್ದು ತಪ್ಪು ಅಂತ. ಉಳಿದಿದ್ದೆಲ್ಲ ಹಾಕ್ಕೊಂಡು ನೋಡ್ದೆ."

ಚಿಣ್ಣಿ ಮೂಗೊರೆಸಿಕೊಂಡು ನೋಡಿದಳು.

"ಮತ್ತೆ ಯಾಕೆ ಸರಿ ಮಾಡ್ಲಿಲ್ಲ? ನನಗೋಸ್ಕರ ತಾನೇ?"

"ಅಲ್ಲ." ಅವನಿಗೆ ಮಾತು ಒಂದೊಂದಾಗಿ ಬರುತ್ತಿತ್ತು. "ನಿನಗೋಸ್ಕರ ಅಂದ್ರೆ ಸುಳ್ಳಾಗುತ್ತೆ ಮಗಳೇ. ಕೊನೇ ಕ್ಯಾಸೆಟ್ಟಿನ ದಿನ ನೀನು ಪಕ್ಕದಲ್ಲೇ ಕೂತಿದ್ದೆ ಅನ್ನೋದೂ ನನಗೆ ಗ್ಯಾನ ಇರ್ಲಿಲ್ಲ. ಆ ಹುಡುಗಿ ಅಮ್ಮ ತಲೆ ಬಾಚಿ ಎದ್ದಳು. ದೋಣಿ ಹತ್ತಿ ಹೋಗ್ತಾಳೆ ಅಂತ ನನಗೆ ಗೊತ್ತಿತ್ತು, ಒಂದು ಸಲ ನೋಡಿದ್ನಲ್ಲ. ಗುಂಡಿ ಒತ್ತಿ ನಿಲ್ಲಿಸಿಬಿಟ್ಟೆ. ನಿಮ್ಮಮ್ಮನ್ನ ಆಸ್ಪತ್ರೆಗೆ ಕಳಿಸಿದ್ದೆ. ಇನ್ನೊಂದು ಸಲ ಕಳಿಸೋದು ನನ್ನ ಕೈಲಿ ಆಗ್ಲಿಲ್ಲ."

ನಾನು ಅಲ್ಲೇ ನಿಂತುಬಿಟ್ಟೆ. ಇಷ್ಟು ವರ್ಷ ಈ ಮನುಷ್ಯನಿಗೆ ಎದೆಯೇ ಇಲ್ಲ ಎಂದು ಬೈದುಕೊಂಡು ತಿರುಗಿದವಳು ನಾನು. ಚಿಣ್ಣಿ ಬಂದು ಅವನ ಪಕ್ಕದಲ್ಲಿ ಕೂತಳು.

"ಇನ್ನೂ ಹೇಳಿ ಅಪ್ಪ" ಅಂದಳು ಆಮೇಲೆ.

"ಏನು ಹೇಳ್ಲಿ?"

"ಅಮ್ಮನ ಬಗ್ಗೆ. ಏನಾದ್ರೂ."

ಅಣ್ಣ ರಸ್ತೆ ನೋಡುತ್ತ ಯೋಚಿಸಿದ. "ಅವಳಿದ್ದಿದ್ರೆ ಆ ಗಡ್ಡದವನ್ನ ಸುಮ್ನೆ ಬಿಡ್ತಿರ್ಲಿಲ್ಲ" ಅಂದ. ಚಿಣ್ಣಿಗೆ ಅಳುವಿನ ಮಧ್ಯೆ ನಗು ಬಂತು, ನನಗೂ ಬಂತು. ಅವನು ನಗಲಿಲ್ಲ.

"ನಾನು ಮಾತು ಹೊರಡದೆ ನಿಂತಾಗೆಲ್ಲ ಎಲ್ಲಿದ್ರೂ ಬಂದು ನನ್ನ ಮುಂದೆ ನಿಲ್ತಿದ್ಲು. ಅವಳೇ ಮಾತಾಡಿ ಬಿಡಿಸ್ತಿದ್ಲು. ಇವತ್ತು ಅವರೆಲ್ಲ ಕೇಳಿದಾಗ್ಲೂ ಹಾಗೇ ಅನ್ನಿಸ್ತು ನೋಡು. ಈಗ ಬರ್ತಾಳೆ ಅಂತ ಬಾಗಿಲ ಕಡೆ ನೋಡ್ತಾ ನಿಂತಿದ್ದೆ."